ಗಾಳಿಯತ್ತ ಮೂತಿ

ಗ್ರೀಸಿನ ನಾಕ್ಸೋಸ್ ದ್ವೀಪದ ಬಂದರಿನ ಮರೆಯಲ್ಲಿ ಇರುವಷ್ಟು ಹೊತ್ತು ಗಾಳಿಯ ಅಂದಾಜೇ ಸಿಕ್ಕಿರಲಿಲ್ಲ. ಬಲಕ್ಕೆ, ಪುಟ್ಟ ದಿಬ್ಬದ ಮೇಲೆ ಪೋರ್ಟಾರಾ. ಕ್ರಿಸ್ತಪೂರ್ವ ಆರನೇ ಶತಮಾನದಲ್ಲಿ ಕಟ್ಟಲು ಹೊರಟು ಅರ್ಧಕ್ಕೇ ಕೈಬಿಟ್ಟ ದೇವಾಲಯದ ಅಮೃತಶಿಲೆಯ ಬಾಗಿಲುವಾಡ. ಬಾಗಿಲಿದೆ, ಗುಡಿಯಿಲ್ಲ. ಅದನ್ನು ದಾಟಿದ್ದೇ ತಡ, ನಮ್ಮ 38 ಅಡಿಯ ಹಾಯಿದೋಣಿ ಎಡಕ್ಕೆ ವಾಲಿತು. ಒಳಗೆ ಚಮಚಗಳೆಲ್ಲ ಝಣಝಣ ಉರುಳಿದವು.

ಜುಲೈ, ಆಗಸ್ಟ್ ತಿಂಗಳಲ್ಲಿ ಈಜಿಯನ್ ಸಮುದ್ರದ ಮೇಲೆ ಬೀಸುವ ಬಡಗಣ ಗಾಳಿಯ ಹೆಸರು ಮೆಲ್ಟೆಮಿ. ಬಾಲ್ಕನ್ ಕಡೆ ವಾಯುಭಾರ ಹೆಚ್ಚು, ಟರ್ಕಿಯ ಮೇಲೆ ಕಡಿಮೆ. ನಡುವೆ ಸಿಕ್ಕ ದ್ವೀಪಗಳಿಗೆ ಎರಡು ತಿಂಗಳು ಬಿಡುವಿಲ್ಲ. ಕುಂದಾಪುರದ ಕಡೆ ಬೆಳೆದ ನನಗೆ ಜೋರು ಗಾಳಿ ಅಂದರೆ ಕಪ್ಪು ಮೋಡ, ಬೆನ್ನಿಗೇ ಮಳೆ. ಇಲ್ಲಿ ತೊಳೆದಿಟ್ಟಂಥ ಆಕಾಶ. ಆಕಾಶ ನೋಡಿ ಲೆಕ್ಕ ಹಾಕಿದರೆ ಕೆಟ್ಟೆವು.

ಹೋಗಬೇಕಿದ್ದದ್ದು ಪಾರೋಸ್ ದ್ವೀಪದ ನಾವುಸಾಕ್ಕೆ, ಒಂಬತ್ತು ನಾಟಿಕಲ್ ಮೈಲಿ ಆಸುಪಾಸು. ದೋಣಿ ನಡೆಸುವ ಪರವಾನಗಿ ಇದ್ದದ್ದು ಹ್ಯಾಂಬರ್ಗ್‌ನಲ್ಲಿ ನೆಲೆಸಿರುವ ಭಾವನ ಹೆಸರಲ್ಲಿ. ಚುಕ್ಕಾಣಿಯ ಚಕ್ರ ಮಾತ್ರ ನನ್ನ ಕೈಯಲ್ಲಿ. ಎರಡು ದ್ವೀಪಗಳ ನಡುವೆ ಗಾಳಿ 22 ನಾಟ್‌ನಿಂದ 27ಕ್ಕೆ ಏರಿತು. ಚಕ್ರವನ್ನು ಎಷ್ಟು ಎಡಕ್ಕೆ ತಿರುಗಿಸಿದರೂ ದೋಣಿಯ ಮೂತಿ ಬಲಕ್ಕೆ, ಗಾಳಿ ಬರುವ ದಿಕ್ಕಿಗೇ, ಜಗ್ಗುತ್ತಿತ್ತು. ಸಂಜೆ ಕೊಟ್ಟಿಗೆ ಕಂಡ ದನದ ಹಾಗೆ.

ಇದನ್ನೇ ವೆದರ್ ಹೆಲ್ಮ್ ಅನ್ನುವುದು. ಸ್ವಲ್ಪ ಇದ್ದರೆ ಒಳ್ಳೆಯದೇ, ಕೈತಪ್ಪಿದರೂ ದೋಣಿ ತಾನಾಗಿ ಗಾಳಿಗೆ ಮುಖಮಾಡಿ ನಿಲ್ಲುತ್ತದೆ. ವಾಲಿದಷ್ಟೂ ಅದು ಹೆಚ್ಚುತ್ತದೆ ಎಂಬುದೇ ತೊಂದರೆ. ಹಾಯಿಯ ಎಳೆತವೆಲ್ಲ ನೀರಿನ ಮೇಲೆ ಒಂದು ಬದಿಗೆ ಚಾಚಿಕೊಂಡು ದೋಣಿಯನ್ನೇ ತಿರುಗಿಸಿಬಿಡುತ್ತದೆ.

ಹಾಯಿ ಕಡಿಮೆ ಮಾಡೋಣವೆಂದು ಮುಂದಿನ ಜೆನೋವಾ ಹಾಯಿಯನ್ನು ಪೂರ್ತಿ ಸುತ್ತಿಬಿಟ್ಟೆ. ಹಗ್ಗ ಎಳೆದರೆ ಸುತ್ತಿಕೊಳ್ಳುವಂಥದ್ದು. ಸುಲಭದ್ದನ್ನೇ ಮೊದಲು ಮಾಡುವುದು ನನ್ನ ಜಾಯಮಾನ. ಎಡವಟ್ಟಾಯಿತು. ಮೂತಿಯನ್ನು ಗಾಳಿಯಿಂದ ಆಚೆ ತಳ್ಳುವುದೇ ಆ ಹಾಯಿ. ಹಿಂದಿನ ದೊಡ್ಡ ಹಾಯಿ ಹಿಂಭಾಗವನ್ನು ತಳ್ಳಿ ಮೂತಿಯನ್ನು ಗಾಳಿಗೆ ತಿರುಗಿಸುತ್ತದೆ. ಅದಕ್ಕೆ ಎದುರಾಳಿಯೇ ಇಲ್ಲದಂತೆ ಮಾಡಿದ್ದೆ. ಮುಂದಿನ ಬೀಸಿಗೆ ಎಡ ಅಂಚು ನೀರಿಗೆ ಮುಳುಗಿತು, ಚುಕ್ಕಾಣಿ ಹಿಡಿತ ಬಿಟ್ಟಿತು, ಚಕ್ರ ಥಟ್ಟನೆ ಹಗುರಾಯಿತು. ದೋಣಿ ಗಿರ್ರನೆ ಉತ್ತರಕ್ಕೆ ತಿರುಗಿ ನಿಂತಿತು. ತಗಡಿನ ಮಾಡಿಗೆ ಆಲಿಕಲ್ಲು ಬಿದ್ದಂತೆ ಹಾಯಿಯ ಬಡಿತ.

ಭಾವ ಸಿಟ್ಟಾಗಲಿಲ್ಲ. "ಚುಕ್ಕಾಣಿ ಜತೆ ಕುಸ್ತಿಗಿಳಿದ್ರೆ ತೋಳು ಹೋಗ್ತದೆ ಅಷ್ಟೇ ಮಾರಾಯ. ದೊಡ್ಡ ಹಾಯಿ ಇಳಿಸುವ."

ಅವರು ಕೂವೆಮರದ ಹಗ್ಗ ಸಡಿಲಿಸಿದರು. ಹಾಯಿ ಒಂದಾಳೆತ್ತರ ಕೆಳಗೆ ಬಂತು. ಹಾಯಿಯನ್ನು ಕಿರಿದಾಗಿಸುವ ರೀಫ್ ಹಗ್ಗವನ್ನು ವಿಂಚ್‌ಗೆ ಸುತ್ತಿ ನಾನು ತಿರುಗಿಸಿದೆ. ಹಾಯಿಯ ಹಿಂದಿನ ಮೂಲೆ ಇಂಚಿಂಚಾಗಿ ಅಡಿಯ ಅಡ್ಡಮರವಾದ ಬೂಮ್‌ಗೆ ಅಂಟಿಕೊಂಡಿತು. ಬಾಡಿಗೆ ದೋಣಿಯ ಹಾಯಿ, ಬಿಸಿಲು ತಿಂದು ಹೊಟ್ಟೆ ಬಿಟ್ಟಿತ್ತು. ಹೊಟ್ಟೆ ಆಳವಾದಷ್ಟೂ ವಾಲುವುದು ಹೆಚ್ಚು. ಹಾಗಾಗಿ ಎಲ್ಲ ಕಡೆಯಿಂದ ಬಿಗಿದು ಚಪ್ಪಟೆ ಮಾಡಿದೆವು. ಆಮೇಲೆ ಜೆನೋವಾವನ್ನು ಅರ್ಧ ಬಿಚ್ಚಿದೆವು. ಬೀಸು ಬಂದಾಗೆಲ್ಲ ದೊಡ್ಡ ಹಾಯಿಯ ಮೇನ್‌ಶೀಟನ್ನು ಒಂದು ಮೊಳ ಸಡಿಲಿಸು ಎಂದರು ಭಾವ. ಶೀಟ್ ಅಂದರೆ ಬಟ್ಟೆಯಲ್ಲ, ಹಗ್ಗ. ಇದು ತಲೆಗೆ ಹೋಗಲು ನನಗೆ ಎರಡು ದಿನ ಹಿಡಿದಿತ್ತು.

ಚಕ್ರದ ನೆತ್ತಿಗೆ, ಚುಕ್ಕಾಣಿ ನೇರ ಇದೆ ಎಂಬ ಗುರುತಿಗೆ, ದಾರ ಸುತ್ತಿರುತ್ತಾರೆ. ಅಷ್ಟು ಹೊತ್ತು ಎಡ ಮಗ್ಗುಲಿಗೆ ಮಲಗಿದ್ದ ಆ ದಾರ ಈಗ ನೆತ್ತಿಯಿಂದ ಎರಡೇ ಬೆರಳು ಆಚೆ. ಗಾಳಿ ಅದೇ 27. ಹಾಯಿ ಕಡಿಮೆಯಾದರೂ ವೇಗ 5.8ರಿಂದ 6.7 ನಾಟ್‌ಗೆ ಏರಿತ್ತು. ಓರೆಯಾಗಿ ನಿಂತ ಚುಕ್ಕಾಣಿ ಇಷ್ಟು ಹೊತ್ತು ಬ್ರೇಕ್ ಹಾಕುತ್ತಿತ್ತಲ್ಲ.

ನಾವುಸಾದ ಮೀನುಗಾರರ ಕಟ್ಟೆ ಪಕ್ಕ ಕಾಫಿಗೆ ಕೂತೆವು. ಹಗ್ಗದ ಮೇಲೆ ಆಕ್ಟೋಪಸ್‌ಗಳು ಒಗೆದ ಬಟ್ಟೆಯ ಹಾಗೆ ಒಣಗುತ್ತಿದ್ದವು. ಕಪ್ ಎತ್ತಲು ಬಲಗೈ ಒಪ್ಪಲಿಲ್ಲ, ಎಡಗೈಯಲ್ಲೇ ಕುಡಿದೆ. ಊರಲ್ಲಾಗಿದ್ದರೆ ಅಮ್ಮ ಬಿಡುತ್ತಿರಲಿಲ್ಲ.