ಎಣ್ಣೆ ತುಂಬಿದ ಪಾತ್ರೆ

ಮೂವತ್ತು ವರ್ಷಗಳ ಪರ್ಯಂತ ಮಕ್ಕಳಿಗೆ ಅಲಂಕಾರಗಳನ್ನು ಕಲಿಸಿದವನು ನಾನು. ಉಪಮೆಯು ಎಲ್ಲಿ ಶೋಭಿಸುತ್ತದೆ, ಎಲ್ಲಿ ದೂಷಿತವಾಗುತ್ತದೆ ಎಂಬುದನ್ನು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದು ತೋರಿಸಿದ್ದೇನೆ. ಆ ಪಾಠವನ್ನು ನಾನೇ ಕಲಿತಿರಲಿಲ್ಲವೆಂಬುದು ಮಾತ್ರ ನಿವೃತ್ತನಾದ ಮೇಲೆ, ಕಳೆದ ಮಾಘಮಾಸದಲ್ಲಿ, ನನಗೆ ತಿಳಿದುಬಂದಿತು.

ನಮ್ಮ ಮಗಳನ್ನು ನರಗುಂದಕ್ಕೆ ಕೊಟ್ಟಿದ್ದೇವೆ. ಅವಳ ಚೊಚ್ಚಲ ಕುಬಸದ ಕಾರ್ಯಕ್ಕೆ ನಾನೂ ನನ್ನ ಕುಟುಂಬವೂ ರೋಣದಿಂದ ಬುತ್ತಿ ಕಟ್ಟಿಕೊಂಡು ಹೋದೆವು. ಹಸಿರು ಸೀರೆ, ಹಸಿರು ಬಳೆ, ಮುಡಿತುಂಬ ಹೂವು. ಮುತ್ತೈದೆಯರು ಉಡಿ ತುಂಬುತ್ತಿದ್ದರು. ಆಗ ನೆರೆಮನೆಯ ಹಿರಿಯಳೊಬ್ಬಳು, "ಏನವ್ವಾ, ಏಳ ತಿಂಗಳಿಗೇ ಹಿಂಗಾ? ನಮ್ಮ ನರಗುಂದದ ಗುಡ್ಡಾನ ಎದ್ದು ಬಂದು ಕುರ್ಚಿ ಮ್ಯಾಲೆ ಕುಂತಂಗ ಕಾಣತೈತಿ!" ಎಂದಳು. ಇನ್ನೊಬ್ಬಳು, "ಮಾರಿ ನೋಡ, ಎಷ್ಟ ಕರ್ರಗಾಗೈತಿ! ಗಂಡಸಮಗಾನ ಬಿಡು" ಎಂದಳು. ಎಲ್ಲರೂ ನಕ್ಕರು. ಮಗಳೂ ನಕ್ಕಳು. ಪಡಸಾಲೆಯಲ್ಲಿ ಕುಳಿತಿದ್ದ ನಾನೂ ನಕ್ಕೆನೆಂಬುದನ್ನು ಮರೆಮಾಚಲಾರೆ.

ಮಗಳನ್ನು ಹೆರಿಗೆಗೆಂದು ರೋಣಕ್ಕೆ ಕರೆತಂದೆವು. ಎರಡು ರೊಟ್ಟಿ ತಿನ್ನುವವಳು ಅರ್ಧ ರೊಟ್ಟಿಗೆ ಕೈ ತೊಳೆಯತೊಡಗಿದಳು. ಕೇಳಿದರೆ "ಹಸಿವಿಲ್ಲಪ್ಪಾ" ಎನ್ನುವಳು. ಬಂದವರ ಎದುರಿಗೆ ಸೆರಗನ್ನು ಎರಡು ಸುತ್ತು ಹೊದ್ದು ಕುಳಿತುಕೊಳ್ಳುವಳು. ಮುಂದಿನ ತಪಾಸಣೆಗೆ ದವಾಖಾನೆಗೆ ಹೋದಾಗ ನರ್ಸಬಾಯಿಯು ತಾಯಿ ಕಾರ್ಡಿನಲ್ಲಿಯ ಅಂಕೆಗಳನ್ನು ನೋಡಿ, ತಿಂಗಳಲ್ಲಿ ತೂಕ ಏರಿಯೇ ಇಲ್ಲವೆಂದು ಹುಬ್ಬು ಗಂಟಿಕ್ಕಿದಳು. ಆಗ ನಿಜವು ಹೊರಬಿದ್ದಿತು. ಗುಡ್ಡವೆನಿಸಿಕೊಳ್ಳಬಾರದೆಂದು ಮಗಳು ಹಸಿದುಕೊಂಡಿದ್ದಳು.

ಆ ನರ್ಸಬಾಯಿಯು ಸಿಟ್ಟಾಗದೆ ತಿಳಿಯಹೇಳಿದಳು. ಸಾಧಾರಣ ಮೈಕಟ್ಟಿನ ಹೆಂಗಸು ಒಂಬತ್ತು ತಿಂಗಳಲ್ಲಿ 10ರಿಂದ 12 ಕಿಲೋ ಏರುವುದು ಯೋಗ್ಯವೇ. ಅದರಲ್ಲಿ ಕೂಸಿನದು ಮೂರು ಕಿಲೋದಷ್ಟು. ಉಳಿದುದು ಮಾಸು, ಗರ್ಭೋದಕ, ಹೆಚ್ಚಿದ ರಕ್ತ, ದೊಡ್ಡದಾದ ಗರ್ಭಕೋಶ, ಮುಂದೆ ಹಾಲೂಡುವುದಕ್ಕೆ ದೇಹವು ಕೂಡಿಟ್ಟುಕೊಳ್ಳುವ ಕೊಬ್ಬು. ಮೊದಲೇ ಕೃಶಳಾದವಳು ಇನ್ನೂ ಹೆಚ್ಚು ಏರಬೇಕು, ಸ್ಥೂಲಳಾದವಳು ಕಡಿಮೆ. ಮುಖದ ಕಪ್ಪು ಗರ್ಭಕಾಲದ ರಸವ್ಯತ್ಯಾಸದಿಂದ ಬರುವಂಥದು; ಹೆರಿಗೆಯ ತರುವಾಯ ಬಹುಮಟ್ಟಿಗೆ ತಾನೇ ತಿಳಿಯಾಗುತ್ತದೆ. ಗಂಡು ಹೆಣ್ಣುಗಳಿಗೂ ಅದಕ್ಕೂ ಸಂಬಂಧವಿಲ್ಲ. ಯಂತ್ರದಿಂದ ನೋಡಬಲ್ಲ ವೈದ್ಯರು ಸಹ ಅದನ್ನು ಹೇಳಕೂಡದೆಂದು 1994ರ ಕಾಯಿದೆ ಇರುವಾಗ, ನೆರೆಯವರು ಮಾರಿ ನೋಡಿ ಹೇಳುವ ಭವಿಷ್ಯಕ್ಕೆ ಬೆಲೆಯೇನು? ಎರಡರಲ್ಲೊಂದು ಹೇಗೂ ಆಗಲೇಬೇಕಷ್ಟೆ!

ಮನೆಗೆ ಬಂದ ಮೇಲೆ ನಾನು ಮಗಳಿಗೆ ಉಪದೇಶಕ್ಕೆ ತೊಡಗಿದೆನು. ಮಂದಿಯ ಮಾತಿಗೆ ಇಷ್ಟೇಕೆ ಕುಗ್ಗಬೇಕೆಂದು ಗದರಿದೆನು. ಒಲೆಯ ಮುಂದಿದ್ದ ನನ್ನ ಕುಟುಂಬವು ತಿರುಗಿ ನೋಡಿ, "ಅಕಿಗ್ಯಾಕ ಬೈತೀರಿ? ನೀವು ನನಗ ಗಜಗಾಮಿನಿ ಅಂದಿದ್ದು ಮರತೀರೇನು?" ಎಂದಳು.

ಮರೆತಿದ್ದೆನು. 1993ರಲ್ಲಿ ಇದೇ ಮಗಳು ಗರ್ಭದಲ್ಲಿದ್ದಾಗ ನನ್ನ ಸಹೋದ್ಯೋಗಿಗಳು ಮನೆಗೆ ಬಂದಿದ್ದರು. ದಿನ ತುಂಬುತ್ತಿದ್ದ ಮನೆಯಾಕೆ ಚಹದ ತಾಟು ಹಿಡಿದು ಮೆಲ್ಲಗೆ ಬಂದಳು. ಅವಳ ತವರು ಗಜೇಂದ್ರಗಡ. ನಾನು ಶ್ಲೇಷದ ಸಂಭ್ರಮದಲ್ಲಿ, "ಗಜೇಂದ್ರಗಡದವಳು, ಆದ್ದರಿಂದಲೇ ಗಜಗಾಮಿನಿ" ಎಂದೆನು. ಮಿತ್ರರು ಹೊಟ್ಟೆ ಹಿಡಿದು ನಕ್ಕರು. ಅಂದಿನಿಂದ ಹೆರಿಗೆಯಾಗುವವರೆಗೆ ಅವಳು ಹೊರಗಿನವರ ಮುಂದೆ ಬರಲಿಲ್ಲವಂತೆ, ರಾತ್ರಿಯೂಟವನ್ನು ಬಿಟ್ಟಿದ್ದಳಂತೆ. ಕೂಸು ಎರಡೂವರೆ ಕಿಲೋಕ್ಕಿಂತ ಕಡಿಮೆ ತೂಕದ್ದಾಗಿ ಹುಟ್ಟಿತು. ಅದಕ್ಕೆ ಕಾರಣಗಳು ಅನೇಕವಿರಬಹುದು; ನನ್ನ ಮಾತೇ ಕಾರಣವೆನ್ನಲಾರೆ. ಅಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಅವಳು ಇದನ್ನು ಆಡಿರಲಿಲ್ಲ, ನಾನೂ ಕೇಳಿರಲಿಲ್ಲ.

ಕಾವ್ಯದಲ್ಲಿ ಗಜಗಮನವು ಪ್ರಶಂಸೆಯೇ ಸರಿ. ಆದರೆ ಹಾರವನ್ನು ಸೊಂಟಕ್ಕೂ ಡಾಬನ್ನು ಕೊರಳಿಗೂ ಹಾಕಿದರೆ ಹಾಸ್ಯಾಸ್ಪದವಾಗುವಂತೆ, ಸ್ಥಾನ ತಪ್ಪಿದ ಮಾತೂ ಕೆಡುತ್ತದೆ. ಕ್ಷೇಮೇಂದ್ರನ ಔಚಿತ್ಯವಿಚಾರವನ್ನು ಓದಿದವನಿಗೆ ಇದು ಹೊಳೆಯಬೇಕಾಗಿದ್ದಿತು. ಗರ್ಭಿಣಿಯನ್ನು ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಯಂತೆ, ತುಳುಕದ ಹಾಗೆ, ಉಪಚರಿಸಬೇಕೆಂದು ಚರಕಾಚಾರ್ಯರು ಶಾರೀರಸ್ಥಾನದಲ್ಲಿ ಹೇಳಿದ್ದಾರೆ. ರಘುವಂಶದ ಮೂರನೆಯ ಸರ್ಗದಲ್ಲಿ ಕಾಳಿದಾಸನೂ ಸುದಕ್ಷಿಣೆಯ ಬಿಳಿಚಿದ ಮುಖವನ್ನು ಕಾಣುತ್ತಾನೆ. ಕಂಡು ಬೆಳಗಾಗಲಿರುವ ರಾತ್ರಿಯನ್ನು ನೆನೆಯುತ್ತಾನೆ. ರಾಜನಾದರೋ ಅವಳಿಗೇನು ಬಯಕೆಯೆಂದು ಸಖಿಯರನ್ನು ಮತ್ತೆ ಮತ್ತೆ ವಿಚಾರಿಸುತ್ತಾನೆ. ಇನ್ನು ಭವಭೂತಿಯ ಉತ್ತರರಾಮಚರಿತ! ಪೂರ್ಣಗರ್ಭಿಣಿಯಾದ ಸೀತೆಯ ಬಯಕೆಯನ್ನೆಲ್ಲ ಈಡೇರಿಸಬೇಕೆಂದು ಹಿರಿಯರ ಸಂದೇಶ ಬರುವುದು ಪ್ರಥಮಾಂಕದಲ್ಲಿ. ಊರವರ ಮಾತು ಬಂದು ಅವಳನ್ನು ಅಡವಿಗಟ್ಟುವುದೂ ಅದೇ ಅಂಕದಲ್ಲಿ. ಎಷ್ಟೋ ವರ್ಷ ಇದನ್ನು ಪಾಠ ಹೇಳಿದ ನಾನು, ಊರವರೆಂದರೆ ಅಯೋಧ್ಯೆಯವರು ಮಾತ್ರವೆಂದು ತಿಳಿದಿದ್ದೆನು.

ನರಗುಂದದ ಆ ಹಿರಿಯಳು ದುಷ್ಟಳಲ್ಲ. ಉಡಿಗೆ ಹಾಕಿದ ಕೊಬ್ಬರಿಯನ್ನು ಪ್ರೀತಿಯಿಂದಲೇ ಹಾಕಿದಳು. ಅವಳು ಬಸುರಿಯಾಗಿದ್ದಾಗಲೂ ಯಾರೋ ಹೀಗೆಯೇ ಅಂದು ನಕ್ಕಿರಬೇಕು. ಆದುದರಿಂದ ಜಗಳ ಕಾಯುವುದು ನಮ್ಮ ಉಪಾಯವಾಗಲಿಲ್ಲ. ಈಗ ಯಾರಾದರೂ ಮಗಳ ಗಾತ್ರವನ್ನು ಎಣಿಸತೊಡಗಿದರೆ ಮನೆಯಾಕೆಯು, "ಕಣ್ಣಿಲೆ ತೂಗಬ್ಯಾಡವ್ವಾ, ತಕ್ಕಡಿ ದವಾಖಾನ್ಯಾಗೈತಿ" ಎಂದು ನಗುತ್ತಲೇ ಹೇಳಿ, ಮಾತನ್ನು ಅವಳ ಸೊಸೆಯ ಕ್ಷೇಮದತ್ತ ತಿರುಗಿಸುತ್ತಾಳೆ. ಮಗಳೂ ಒಂದು ಉತ್ತರ ಕಲಿತಿದ್ದಾಳೆ: "ಹೌದ್ರಿ, ಇಬ್ಬರಿದ್ದೇವಲ್ಲ." ಒಮ್ಮೆ ಅಷ್ಟು ಹೇಳಿ ಎದ್ದು ಒಳಗೆ ಹೋದಳು, ಎದ್ದು ಹೋಗುವುದೂ ಒಂದು ಉತ್ತರವೇ. ನನ್ನ ಪಾಲಿಗೆ ಬಂದುದು ಸಣ್ಣ ಕೆಲಸ: ನಗದೆ ಇರುವುದು. ಪಡಸಾಲೆಯ ಗಂಡಸರು ನಗದಿದ್ದರೆ ಅರ್ಧ ಚೇಷ್ಟೆಗಳು ಹುಟ್ಟುವುದಿಲ್ಲವೆಂದು ಈಗ ತಿಳಿದಿದ್ದೇನೆ.

ಆದರೆ ಮೌನವು ನಿರ್ಲಕ್ಷ್ಯವಾಗಬಾರದು. ಸಂಜೆಗೆ ಪಾದ ಬಾಯುವುದು ಸಾಮಾನ್ಯ. ಮುಖ ಕೈಗಳು ಒಮ್ಮೆಲೆ ಬಾತು, ತೀವ್ರವಾಗಿ ತಲೆನೋವು ಬಂದು, ಕಣ್ಣು ಮಂಜಾದರೆ ಅದು ರಕ್ತದೊತ್ತಡದ ಅಪಾಯವಾಗಿರಬಹುದು. ಆಗ ಚೇಷ್ಟೆಯನ್ನೂ ಸಂಕೋಚವನ್ನೂ ಬಿಟ್ಟು ಕೂಡಲೇ ದವಾಖಾನೆಗೆ ಒಯ್ಯಬೇಕು. ವೈದ್ಯರು ತೂಕದ ವಿಷಯ ಆಡುವ ಮಾತು ಔಷಧ. ಓಣಿಯವರು ಆಡುವುದು ಬರಿಯ ಮಾತು. ಈ ಭೇದವನ್ನು ಗರ್ಭಿಣಿಗೆ ಮನೆಯವರೇ ತಿಳಿಸಬೇಕು.

ಅಸ್ತು. ಈಗ ಚೈತ್ರ, ಮಗಳಿಗೆ ದಿನಗಳು ತುಂಬುತ್ತ ಬಂದಿವೆ. ತೂಕವು ಮತ್ತೆ ಏರಿದೆ. ಮೊನ್ನೆ ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು, 1993ರ ಆ ಮಾತಿಗಾಗಿ ಮನೆಯಾಕೆಯ ಕ್ಷಮೆ ಕೇಳಿದೆನು. ಅವಳು ಬಹಳ ಹೊತ್ತು ರೊಟ್ಟಿ ಬಡಿಯುತ್ತಲೇ ಇದ್ದಳು. ಆಮೇಲೆ ಬಿಸಿ ರೊಟ್ಟಿಯೊಂದನ್ನು ತಾಟಿಗೆ ಹಾಕಿ, "ಮೊದಲ ಅಕಿಗೆ ಒಯ್ದು ಕೊಡ್ರಿ, ಆರತೈತಿ" ಎಂದಳು. ಒಯ್ದು ಕೊಟ್ಟೆನು. ಎರಡನೆಯದನ್ನು ಮಗಳು ತಾನೇ ಕೇಳಿದಳು.