ಕ್ಷಯರೋಗಿಯೂ ಮನೆಮಂದಿಯೂ

ಊರಾಚೆಯ ಆರೋಗ್ಯಧಾಮದಲ್ಲಿ ಇರಿಸಿದ ಹೊರತು ಕ್ಷಯರೋಗಿಗೆ ಗುಣವಿಲ್ಲವೆಂಬುದು ಹಿಂದಿನವರ ದೃಢವಾದ ನಂಬಿಕೆಯಾಗಿದ್ದಿತು. 1956ರಲ್ಲಿ ಮದರಾಸಿನಲ್ಲಿ ಆರಂಭಗೊಂಡು 1959ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದನ್ನು ಅಲುಗಿಸಿತು. ಒಂದೇ ಬಗೆಯ ಔಷಧವನ್ನು ಒಂದು ವರ್ಷ ಸೇವಿಸಿದವರಲ್ಲಿ, ಇಕ್ಕಟ್ಟಾದ ಮನೆಗಳಲ್ಲಿ ಅರೆಹೊಟ್ಟೆ ಉಂಡವರೂ ಆರೋಗ್ಯಧಾಮದಲ್ಲಿ ಪುಷ್ಟಿಕರ ಆಹಾರ, ವಿಶ್ರಾಂತಿ ಪಡೆದವರಷ್ಟೇ ಬಹುಮಟ್ಟಿಗೆ ಗುಣ ಹೊಂದಿದರು. ಮನೆಮಂದಿಗೆ ರೋಗ ಹೆಚ್ಚಾಗಿ ತಗುಲಲೂ ಇಲ್ಲ.

ಈ ಅರಿವು ನಮ್ಮ ಹೊಸ್ತಿಲನ್ನು ದಾಟಲು ಬಹುಕಾಲ ಹಿಡಿಯಿತು. 1984ರಲ್ಲಿ ಸೋದರಮಾವನವರಿಗೆ ಈ ರೋಗ ಕಾಣಿಸಿದಾಗ ಅವರ ತಟ್ಟೆ, ಲೋಟ, ಹಾಸಿಗೆಗಳು ಹಿತ್ತಿಲ ಕೊಟ್ಟಿಗೆಯನ್ನು ಸೇರಿದವು. ಕೆಮ್ಮು ಇಳಿದೊಡನೆ ಅವರು ಗುಳಿಗೆ ಬಿಟ್ಟರು, ಕೇಳುವವರಿರಲಿಲ್ಲ. ಔಷಧ ಅರ್ಧಕ್ಕೆ ನಿಂತರೆ ರೋಗ ಮರಳುವುದಷ್ಟೇ ಅಲ್ಲ, ಆ ಔಷಧಕ್ಕೇ ಮಣಿಯದಂತಾಗಬಹುದು. ಉಪಕೇಂದ್ರದ ದಾದಿಯೊಬ್ಬರು ತಾವಾಗಿಯೇ ಬಂದು, ಕೊಟ್ಟಿಗೆಯಲ್ಲಿ ಕುಳಿತು ಅತ್ತೆಯವರಿಗೆ ಇದನ್ನೆಲ್ಲ ತಿಳಿಯಹೇಳಿದರು. ಹಾಸಿಗೆ ನಡುಮನೆಗೆ ಬಂದಿತು. ಮುಂದೆ ನಿತ್ಯವೂ ಗುಳಿಗೆ ಎಣಿಸಿ ಕೊಟ್ಟವರು ಅತ್ತೆಯವರೇ. ಪಂಚಾಂಗದ ಅಂಚಿನಲ್ಲಿ ದಿನಕ್ಕೊಂದು ಗೀಟೆಳೆದು ಲೆಕ್ಕವಿಡುತ್ತಿದ್ದರು.