‘ಸೊಲ್ಯೂಶನ್’ ಆದಮೇಲೆ ಯಾವ ಪದ?

ಇಂಗ್ಲಿಷ್ ಪ್ರಬಂಧ ಬರೆಯುವ ಮಕ್ಕಳ ಪೆನ್ನು ಎಲ್ಲಿ ತಡೆಯುತ್ತದೆ ಎಂಬುದು ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದಿನ ಮೇಷ್ಟ್ರಿಗೆಲ್ಲ ಗೊತ್ತು. ‘ಸೊಲ್ಯೂಶನ್’ ಎಂದು ಬರೆದಾಗಿರುತ್ತದೆ. ಮುಂದೆ? ‘ಸರ್, ಟು ಹಾಕಬೇಕೇನ್ರಿ, ಆನ್ ಹಾಕಬೇಕೇನ್ರಿ?’

ಕನ್ನಡದ ಮನೆಯ ಹುಡುಗಿಗೆ ಇಲ್ಲಿ ತೊಡಕಿಲ್ಲ. ‘ಸಮಸ್ಯೆಗೆ ಪರಿಹಾರ’ ಎನ್ನುವಾಗಿನ ‘ಗೆ’ ಇದ್ದಲ್ಲಿ ‘ಟು’ ಬರೆದರಾಯಿತು, ಅದೇ ಸರಿ. ಮರಾಠಿ ಮನೆಯ ಹುಡುಗ ‘ಸಮಸ್ಯೇವರ್ ಉಪಾಯ್’ ಎಂದು ಕೇಳುತ್ತ ಬೆಳೆದವನು. ‘ವರ್’ ಅಂದರೆ ಮೇಲೆ. ಅವನು ‘ಆನ್’ ಹಾಕುತ್ತಾನೆ. ಉರ್ದು ಮನೆಯಲ್ಲಿ ಅದು ‘ಮಸ್‌ಲೇ ಕಾ ಹಲ್’. ಆ ‘ಕಾ’ ‘ಆಫ್’ ಆಗುತ್ತದೆ. ಪರೀಕ್ಷೆಯಲ್ಲಿ ಅಂಕ ಒಬ್ಬರಿಗೇ ಸಿಗಬಹುದು. ಆದರೆ ಯೋಚಿಸಿ ಬರೆದವರು ಮೂವರೂ ಹೌದು.

ಈ ಸೀಮೆಯ ಚರಿತ್ರೆಯೇ ಹಾಗಿದೆ. 1948ರವರೆಗೆ ನಿಜಾಮರ ಆಳ್ವಿಕೆ, ಕಚೇರಿಯಲ್ಲೆಲ್ಲ ಉರ್ದು. 1956ರ ನವೆಂಬರ್ 1ಕ್ಕೆ ಬೀದರ್ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಬಸವಕಲ್ಯಾಣಕ್ಕೆ ಮಹಾರಾಷ್ಟ್ರದ ಗಡಿ ಕೂಗಳತೆಯಲ್ಲಿದೆ. ಇಂಥ ಊರಿನ ಮಗು ಇಂಗ್ಲಿಷಿಗೆ ಬರಿಗೈಯಲ್ಲಿ ಬರುವುದಿಲ್ಲ.

ಕನ್ನಡದ ಮಗುವಿಗೂ ಎಲ್ಲ ಕಡೆ ಇದೇ ಸಲೀಸು ಸಿಗದು. ‘ಗಣಿತದಲ್ಲಿ ಆಸಕ್ತಿ’ ಎಂಬಲ್ಲಿ ‘ಇಂಟರೆಸ್ಟ್ ಇನ್’ ಸರಾಗವಾಗಿ ಬರುತ್ತದೆ. ಆದರೆ ‘ದೇವರ ಮೇಲೆ ನಂಬಿಕೆ’ ಎಂಬ ಕಡೆ ಅದೇ ಮಗು ‘ಫೇತ್ ಆನ್’ ಎಂದು ಬರೆದುಬಿಡುತ್ತದೆ. ಇಂಗ್ಲಿಷಿಗೆ ಅಲ್ಲಿ ‘ಇನ್’ ಬೇಕು. ‘ಬೆಲೆ ಏರಿಕೆಗೆ ಕಾರಣ’ ಎನ್ನಲು ನಮಗೆ ‘ಗೆ’ ಒಂದೇ ಸಾಕು. ಇಂಗ್ಲಿಷಿನಲ್ಲಿ ‘ಕಾಸ್’ ಆದರೆ ‘ಆಫ್’, ‘ರೀಸನ್’ ಆದರೆ ‘ಫಾರ್’. ಹಿಂದಿರುವ ನಾಮಪದವೇ ಮುಂದಿನ ಪದವನ್ನು ಗೊತ್ತುಮಾಡುತ್ತದೆ. ‘ಡಿಸ್ಕಶನ್ ಅಬೌಟ್’ ಸರಿ, ಕ್ರಿಯಾಪದವಾದ ‘ಡಿಸ್ಕಸ್’ ಮುಂದೆ ‘ಅಬೌಟ್’ ಬೇಡ. ಹಾಗಾಗಿ ಇಂಥ ನಾಮಪದವನ್ನು ಒಂಟಿಯಾಗಿ ಬಾಯಿಪಾಠ ಮಾಡಿಸಬಾರದು. ‘ರೀಸನ್ ಫಾರ್’, ‘ಕಾಸ್ ಆಫ್’ ಎಂದು ಜೊತೆಯಲ್ಲೇ ಕಲಿಸಬೇಕು.

ಒಂದು ಭಾಷೆಯ ನೆರವಿನಿಂದ ಇನ್ನೊಂದನ್ನು ವಿವರಿಸುವುದು ಈ ನೆಲಕ್ಕೆ ಹೊಸದಲ್ಲ. ಕಲ್ಯಾಣದ, ಅಂದರೆ ಇದೇ ಬಸವಕಲ್ಯಾಣದ, ಚಾಲುಕ್ಯ ದೊರೆ ಜಗದೇಕಮಲ್ಲನ ಆಶ್ರಯದಲ್ಲಿದ್ದ ಎರಡನೆಯ ನಾಗವರ್ಮ ‘ಕರ್ಣಾಟಕ ಭಾಷಾಭೂಷಣ’ವನ್ನು ರಚಿಸಿದ. ಅದು ಕನ್ನಡದ ವ್ಯಾಕರಣ, ಸೂತ್ರಗಳು ಮಾತ್ರ ಸಂಸ್ಕೃತದಲ್ಲಿವೆ. ಅಂದಿನ ವಿದ್ವಾಂಸರಿಗೆ ಚೆನ್ನಾಗಿ ಗೊತ್ತಿದ್ದ ಭಾಷೆಯ ಮೂಲಕ ಕನ್ನಡದ ವಿಭಕ್ತಿಗಳನ್ನು ಅವನು ತಿಳಿಸಿಕೊಟ್ಟ. ಇಂದಿನ ಮಕ್ಕಳಿಗೆ ಚೆನ್ನಾಗಿ ಗೊತ್ತಿರುವುದು ಮನೆಮಾತು. ಇಂಗ್ಲಿಷ್ ತರಗತಿಯಲ್ಲಿ ಅದನ್ನೇಕೆ ಬಾಗಿಲ ಹೊರಗೆ ನಿಲ್ಲಿಸಬೇಕು?

ಕೆಂಪು ಶಾಯಿಯಲ್ಲಿ ಗೀಟು ಹೊಡೆಯುವ ಮೊದಲು ‘ನಿಮ್ಮನ್ಯಾಗ ಇದಕ್ಕ ಏನಂತಾರ?’ ಎಂದು ಕೇಳುವ ಮೇಷ್ಟ್ರು ಬೇಕು. ತಪ್ಪು ಎಲ್ಲಿಂದ ಬಂತೆಂದು ತಿಳಿದ ಮಗುವಿಗೆ ಅದನ್ನು ತಿದ್ದಿಕೊಳ್ಳುವುದು ಸುಲಭ, ತನ್ನ ಮಾತಿನ ಬಗ್ಗೆ ನಾಚಿಕೆಯೂ ಹುಟ್ಟುವುದಿಲ್ಲ.